ಗುಟ್ಟು ಯಾರಿಗೆ, ಗಂಟು ಯಾರಿಗೆ?

ಮೊನ್ನೆ ಭಾನುವಾರ ಬ್ರೂಕ್‌ಫೀಲ್ಡಿನ ನನ್ನ ರೂಮಿಗೆ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಬಂದಿದ್ದರು. ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆಗಿ ಎರಡು ವರ್ಷ. ಕುತ್ತಿಗೆಯ ಗೆರೆ ಕಾಣದ ಹಾಗೆ ಸೆರಗು ಹೊದ್ದೇ ಕಾಫಿ ಕುಡಿದರು. ಹೊರಡುವಾಗ ಒಂದೇ ಮಾತು: "ಯಾರಿಗೂ ಹೇಳ್ಬೇಡ ಕಣೋ, ಪುಟ್ಟಿಗೆ ಗಂಡು ನೋಡ್ತಿದೀವಿ."

ಚಿಕ್ಕಮ್ಮಾ, ನಿಮ್ಮ ಹೆಸರು, ಊರು ಬರೆಯಲ್ಲ. ಆದರೆ ಸುಮ್ಮನಿರೋಕೂ ಆಗ್ತಿಲ್ಲ...

ಅವರಿಗೆ ಬಂದದ್ದು ಮೆಡುಲ್ಲರಿ ಅನ್ನೋ ಅಪರೂಪದ ಬಗೆ. ಥೈರಾಯ್ಡ್ ಕ್ಯಾನ್ಸರ್ ಆದ ನೂರು ಜನರಲ್ಲಿ ಹೆಚ್ಚೆಂದರೆ ಐದು ಮಂದಿಗೆ. ವರ್ಷಗಟ್ಟಲೆ ಕಾಡಿದ ಭೇದಿಗೆ ಹೊಟ್ಟೆ ಮಾತ್ರೆ ನುಂಗಿದರು. ಕುತ್ತಿಗೆಯ ಗೆಡ್ಡೆಯಿಂದ ಭೇದಿ ಆಗುತ್ತೆ ಅಂತ ಯಾರಿಗೆ ಹೊಳೀಬೇಕು? ಕೊನೆಗೆ ಗಂಟಿಗೆ ಸೂಜಿ ಹಾಕಿ, ರಕ್ತದಲ್ಲಿ ಕ್ಯಾಲ್ಸಿಟೋನಿನ್ ಅಳೆದಾಗ ಗೊತ್ತಾಯಿತು. ರೆಟ್ ಅನ್ನೋ ಜೀನಿನಲ್ಲಿ ದೋಷ ಇದೆ ಅಂತಲೂ ಬಂತು. ಅಂದರೆ ವಂಶದಲ್ಲಿ ಹರಿಯೋದು. ಮೆಡುಲ್ಲರಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಜನರದು ಹೀಗೆ. ಪ್ರತಿ ಮಗುವಿಗೂ ದಾಟುವ ಸಾಧ್ಯತೆ 50%.

ಪುಟ್ಟಿಗೆ ಈ ಕೊನೆಯ ಸಾಲು ಯಾರೂ ಹೇಳಿಲ್ಲ. ಕೇಳಿದರೆ ಚಿಕ್ಕಪ್ಪನ ಹತ್ತಿರ ಮೂರು ನೆಪ ಇದೆ.

ನೆಪ ಒಂದು: "ಥೈರಾಯ್ಡ್ ಕ್ಯಾನ್ಸರ್ ಒಳ್ಳೇ ಕ್ಯಾನ್ಸರ್, ಅಯೋಡಿನ್ ಕೊಟ್ರೆ ಹೋಗುತ್ತೆ." ಹೆಚ್ಚು ಜನಕ್ಕೆ ಬರೋ ಪ್ಯಾಪಿಲ್ಲರಿಗೆ ಆ ಮಾತು ಬಹುಮಟ್ಟಿಗೆ ಸರಿ. ಮೆಡುಲ್ಲರಿ ಹುಟ್ಟೋದು ಸಿ ಕೋಶಗಳಲ್ಲಿ, ಅವು ಅಯೋಡಿನ್ ಹೀರೋದೇ ಇಲ್ಲ! ಇಲ್ಲಿ ಗುಣ ಆಗೋ ದಾರಿ ಬೇಗ ಮಾಡಿದ ಆಪರೇಷನ್ ಒಂದೇ. ಹರಡಿದ ಮೇಲೆ ಸೆಲ್ಪರ್ಕ್ಯಾಟಿನಿಬ್‌ನಂಥ ಔಷಧ ಇದೆ (ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು), ಆದರೆ ಅದು ಹತೋಟಿಗೆ ಮಾತ್ರ.

ನೆಪ ಎರಡು: "ಪುಟ್ಟಿ ಕಂಪನಿ ಚೆಕಪ್ಪಲ್ಲಿ ಟಿಎಸ್‌ಎಚ್ ನಾರ್ಮಲ್." ಒಂದು ಮಾಡ್ಯೂಲಿನ ಟೆಸ್ಟ್ ಪಾಸಾಯಿತು ಅಂತ ಇಡೀ ಪ್ರೋಗ್ರಾಮ್ ಸರಿಯಿದೆ ಅಂದ ಹಾಗಾಯ್ತು. ಟಿಎಸ್‌ಎಚ್ ಹೇಳೋದು ಹಾರ್ಮೋನಿನ ಕಥೆ, ಗೆಡ್ಡೆಯದಲ್ಲ. ಚಿಕ್ಕಮ್ಮನದೂ ನಾರ್ಮಲ್ಲೇ ಇತ್ತು.

ನೆಪ ಮೂರು: "ಗೊತ್ತಾದ್ರೆ ಮದುವೆ ಆಗಲ್ಲ." ಸಿಟ್ಟು ಬರೋದು ಇದಕ್ಕೇ. ಈ ಕಾಯಿಲೆಗೆ ರೆಟ್ ಜೀನೇ ಕಾರಣ ಅಂತ 1993ರಲ್ಲೇ ಗೊತ್ತಾಗಿದೆ. ಒಂದು ರಕ್ತಪರೀಕ್ಷೆ ಸಾಕು. ದೋಷ ಇದ್ದರೆ ಕ್ಯಾನ್ಸರಿಗೆ ಮುಂಚೆಯೇ ಗ್ರಂಥಿ ತೆಗೆಸಿ, ದಿನಾ ಒಂದು ಥೈರಾಕ್ಸಿನ್ ಮಾತ್ರೆ ನುಂಗಿಕೊಂಡು ಬದುಕಬಹುದು. ಕೆಲವು ದೋಷಗಳಿಗೆ ಐದು ವರ್ಷ ತುಂಬೋದರೊಳಗೆ ತೆಗೀಬೇಕು ಅನ್ನುತ್ತೆ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ 2015ರ ಮಾರ್ಗಸೂಚಿ. ಪುಟ್ಟಿಗೆ ಈಗ ಇಪ್ಪತ್ತನಾಲ್ಕು. ಇದೇ ದೋಷದಿಂದ ಅಡ್ರಿನಲ್ ಗ್ರಂಥಿಯಲ್ಲೂ ಗೆಡ್ಡೆ ಬರಬಹುದು. ಅದು ಗೊತ್ತಿಲ್ಲದೆ ಹೆರಿಗೆಗೆ ಹೋದರೆ ಬಿಪಿ ಏರಿ ಪ್ರಾಣಕ್ಕೇ ಕುತ್ತು. ಮಗಳನ್ನು ಮದುವೆ ಮಾಡಿ ಕಳಿಸುವಾಗ ಈ ಗುಟ್ಟನ್ನೂ ಜೊತೆಗೆ ಕಟ್ಟಿ ಕಳಿಸ್ತೀರಾ?

ಮದುವೆ ಮಾರುಕಟ್ಟೆ ಕ್ರೂರ, ಒಪ್ಪಿದೆ. ಊರಿಗೆಲ್ಲ ಡಂಗುರ ಸಾರಿ ಅಂತಿಲ್ಲ. ರಕ್ತ ಹಂಚಿಕೊಂಡವರಿಗೆ ಹೇಳಿ ಅಂತಿದ್ದೀನಿ ಅಷ್ಟೇ. ಚಿಕ್ಕಮ್ಮ ಅಕ್ಕನ ಹತ್ತಿರ ಬಾಯಿ ಬಿಟ್ಟಿದ್ದಕ್ಕೆ ಅಮ್ಮ ಪರೀಕ್ಷೆ ಮಾಡಿಸಿದರು. ದೋಷ ಇಲ್ಲ. ಹಾಗಾಗಿ ನನಗೆ ಪರೀಕ್ಷೆಯೇ ಬೇಡ ಅಂದರು ಡಾಕ್ಟರು. ಆ ರಾತ್ರಿ ನಾನು ಮಲಗಿದ ನಿದ್ದೆಗೆ ಪುಟ್ಟಿಗೂ ಹಕ್ಕಿಲ್ಲವಾ? ಮಾವನಿಗೆ, ಅವರ ಮಕ್ಕಳಿಗೆ?

ಕಿದ್ವಾಯಿ ಆಸ್ಪತ್ರೆಯವರು 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಇಡುತ್ತಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಯಾರ ಕುತ್ತಿಗೆಯಲ್ಲಿ ಗಂಟಿತ್ತು, ಯಾರು ಆಪರೇಷನ್ ಟೇಬಲ್ ಮೇಲೆ ಇದ್ದಕ್ಕಿದ್ದಂತೆ ಹೋದರು ಅನ್ನೋ ಲೆಕ್ಕ ಅಜ್ಜಿಯಂದಿರ ಬಾಯಲ್ಲೇ ಇರುತ್ತೆ. ಹಬ್ಬಕ್ಕೆ ಊರಿಗೆ ಹೋದಾಗ ಕೇಳಿ ನೋಡಿ ಗೆಳೆಯರೇ.

ನಾನು ಈ ಶನಿವಾರ ಮಾವನ ಮನೆಗೆ ಹೋಗ್ತಿದ್ದೀನಿ. ಪುಟ್ಟಿಯನ್ನು, ಚಿಕ್ಕಮ್ಮನನ್ನು ಅಲ್ಲಿಗೇ ಕರೆದಿದ್ದೀನಿ. ಚಿಕ್ಕಮ್ಮನೇ ಹೇಳಿದರೆ ಸಂತೋಷ. ಇಲ್ಲದಿದ್ದರೆ ನಾನು ಹೇಳ್ತೀನಿ, ಬೈದರೆ ಬೈಸ್ಕೋತೀನಿ.