ಗಣಕಯಂತ್ರದ ದಪ್ತರವೂ ಜಮೀನುದಾರರ ಎಚ್ಚರಿಕೆಯೂ

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳಲ್ಲಿ ತಿರುಗಾಡುವ ನಮ್ಮಂಥವರಿಗೆ ಗೌಡರ ಪಡಸಾಲೆಗಳಲ್ಲಿ ಈಗೀಗ ಬರುವ ಪ್ರಶ್ನೆಗಳು ಬೇರೆಯಾಗಿವೆ. ಹತ್ತಿಗೆ ಬಿದ್ದ ಕೀಡೆಗೆ ಯಾವ ಔಷಧ, ಗೋವಿನಜೋಳಕ್ಕೆ ಎಷ್ಟು ಗೊಬ್ಬರ ಎಂಬ ಪ್ರಶ್ನೆಗಳು ಇದ್ದೇ ಇವೆ. ಆದರೆ ಚಹ ಮುಗಿದು ನಾನು ಏಳುವ ಹೊತ್ತಿಗೆ ಮನೆಯ ಯಜಮಾನರು ಕಿಸೆಯಿಂದ ಮೊಬೈಲನ್ನು ತೆಗೆದು, "ಸಾಹೇಬ್ರ, ಇದೇನೋ ಬಂದೈತಿ, ಒಂಚೂರ ನೋಡ್ರಿ" ಎಂದು ನನ್ನ ಕೈಯಲ್ಲಿ ಇಡುತ್ತಾರೆ. ಇಡುವಾಗ ಅದರ ಬೀಗವನ್ನೂ ತಾವೇ ತೆರೆದು ಇಡುತ್ತಾರೆ. ನನ್ನ ಮೇಲೆ ಅವರಿಗಿರುವ ಈ ವಿಶ್ವಾಸಕ್ಕೆ ನಾನು ಋಣಿಯಾಗಿದ್ದೇನೆ. ಆದರೂ ಈ ವಿಶ್ವಾಸವೇ ಇಂದು ನಮ್ಮ ಜಮೀನುದಾರರ ಹಾನಿಗೆ ದೊಡ್ಡ ಕಾರಣವಾಗಿದೆಯೆಂಬದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕೆಂದಿದ್ದೇನೆ.

ಹಿಂದಿನ ಕಾಲದಲ್ಲಿ ಊರಿನ ದಪ್ತರವು ಕುಲಕರ್ಣಿಯ ಮನೆಯಲ್ಲಿ ರುಮಾಲಿನಲ್ಲಿ ಕಟ್ಟಿ ಇರುತ್ತಿತ್ತು. ಅದರಲ್ಲಿ ಒಂದು ಅಕ್ಷರವನ್ನು ತಿದ್ದಬೇಕಾದರೂ ರುಮಾಲಿನ ಗಂಟನ್ನು ಬಿಚ್ಚಬೇಕಾಗುತ್ತಿತ್ತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯದೆಯು ೧೯೬೩ರಲ್ಲಿ ಜಾರಿಗೆ ಬಂದ ಮೇಲೆ ವಂಶಪಾರಂಪರ್ಯದ ಪಾಟೀಲಕಿ, ಕುಲಕರ್ಣಿಕಿಗಳು ಹೋಗಿ ದಪ್ತರವು ತಲಾಟಿಗಳ ಕೈಗೆ ಬಂತು. ಮುಂದೆ ೨೦೦೦ದ ಸುಮಾರಿಗೆ 'ಭೂಮಿ' ಯೋಜನೆಯಿಂದ ರಾಜ್ಯದ ೬೭ ಲಕ್ಷ ಜಮೀನುದಾರರ ಸುಮಾರು ೨ ಕೋಟಿ ಉತಾರಗಳು ಗಣಕಯಂತ್ರವನ್ನು ಸೇರಿದವು. ಆ ಯೋಜನೆಯನ್ನು ರೂಪಿಸಿದವರು ಕಚೇರಿಯ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ. ಪಾಸ್‌ವರ್ಡ್ ಒಂದನ್ನೇ ನಂಬಿದರೆ ಒಬ್ಬ ನೌಕರನು ಅದನ್ನು ಇನ್ನೊಬ್ಬನಿಗೆ ಹೇಳುವನು, ತಪ್ಪು ಹೊರಬಿದ್ದಾಗ "ನಾನು ಮಾಡಿಲ್ಲ" ಎನ್ನುವನು. ಆದಕಾರಣ ನೌಕರನು ಯಂತ್ರದ ಮುಂದೆ ಬೆರಳೊತ್ತಿದ ಹೊರತು ಅದು ತೆರೆಯದಂತೆ ಅವರು ಏರ್ಪಾಡು ಮಾಡಿದರು. ಸರಕಾರವು ತನ್ನ ಸ್ವಂತ ಕಾರಕೂನನ ವಿಷಯದಲ್ಲಿ ಇಷ್ಟು ಜಾಗರೂಕವಾಗಿರುವಾಗ, ಅದೇ ಉತಾರದ ಮಾಲೀಕನಾದ ಗೌಡನು ತನ್ನ ಗುಪ್ತಸಂಖ್ಯೆಯನ್ನು ಬಸ್‌ಸ್ಟ್ಯಾಂಡಿನ ಕಂಪ್ಯೂಟರ್ ಅಂಗಡಿಯ ಹುಡುಗನಿಗೆ ಕೂಗಿ ಹೇಳುತ್ತಾನೆ!

ಹಾನಗಲ್ಲ ತಾಲೂಕಿನ ಒಂದು ಊರಿನಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿಯ ಹಿರಿಯ ಜಮೀನುದಾರರೊಬ್ಬರು ಫ್ರೂಟ್ಸ್ ಎಂಬ ರೈತರ ನೋಂದಣಿಯನ್ನು ಮಾಡಿಸಲು ಒಂದು ಅಂಗಡಿಗೆ ಹೋದರು. ಆ ದಿನ ಅವರು ತಮ್ಮ ಮೊಬೈಲನ್ನು ಮನೆಯಲ್ಲಿ ಮರೆತಿದ್ದರು. ಅಂಗಡಿಯ ಹುಡುಗನು, "ಇರಲಿ ಬಿಡ್ರಿ ಅಜ್ಜಾರ, ನನ್ನ ನಂಬರ ಹಾಕ್ತೇನಿ" ಎಂದನು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಂದು ಸಾರೆ ಹೆಚ್ಚಿಗೆ ತಿರುಗಾಡುವದು ತಪ್ಪಲಿ ಎಂದು ಉಪಕಾರವನ್ನೇ ಮಾಡಿದನು. ಎರಡು ವರ್ಷದ ಮೇಲೆ ಹುಡುಗನು ಅಂಗಡಿಯನ್ನು ಮುಚ್ಚಿ ಬೆಂಗಳೂರಿಗೆ ಹೋದನು, ಆ ನಂಬರವೂ ನಿಂತುಹೋಯಿತು. ಹಿರಿಯರು ಹೊಲಕ್ಕೆ ಗೋವಿನಜೋಳ ಹಾಕಿ ಅದಕ್ಕೇ ವಿಮೆಯ ಕಂತನ್ನು ತುಂಬಿದ್ದರು. ಬೆಳೆ ಸಮೀಕ್ಷೆಯನ್ನು ತಾವೇ ಮೊಬೈಲಿನಲ್ಲಿ ಮಾಡೋಣವೆಂದರೆ ಗುಪ್ತಸಂಖ್ಯೆಯು ಸತ್ತುಹೋದ ನಂಬರಕ್ಕೆ ಹೋಗುತ್ತಿತ್ತು. ಕೊನೆಗೆ ಸಮೀಕ್ಷೆಗೆಂದು ಬಂದವನು ಪಕ್ಕದ ಹಿಸ್ಸಾದಲ್ಲಿ ನಿಂತು ಚಿತ್ರ ತೆಗೆದು 'ಹತ್ತಿ' ಎಂದು ಬರೆದನು. ವಿಮೆಯಲ್ಲಿ ಒಂದು ಬೆಳೆ, ಸಮೀಕ್ಷೆಯಲ್ಲಿ ಇನ್ನೊಂದು. 'ಬೆಳೆ ದರ್ಶಕ'ದಲ್ಲಿ ನೋಡಿ ಆಕ್ಷೇಪಣೆ ಸಲ್ಲಿಸುವ ಮುದ್ದತು ಇವರಿಗೆ ತಿಳಿಯದೆಯೇ ಮುಗಿದುಹೋಯಿತು. ಆ ವರ್ಷ ಮಳೆಯು ಕೈಕೊಟ್ಟಿತು. ನೆರೆಯವರಿಗೆ ಪರಿಹಾರ ಬಂತು, ಇವರಿಗೆ ಬರಲಿಲ್ಲ. "ಯಾರ ಮ್ಯಾಲೆ ಸಿಟ್ಟ ಮಾಡ್ಲ್ಯೋ ತಿಳೀವಲ್ದು" ಎಂದು ಅವರು ನನ್ನ ಮುಂದೆ ಹೇಳಿದಾಗ ನನಗೆ ಉತ್ತರ ತೋಚಲಿಲ್ಲ.

ನಮ್ಮವರಿಗೆ ವಿದ್ಯೆ ಸಾಲದು, ಆದ್ದರಿಂದ ಮೋಸಹೋಗುತ್ತಾರೆ ಎಂದು ಪಟ್ಟಣದವರು ಹೇಳುವದುಂಟು. ಇದನ್ನು ನಾನು ಒಪ್ಪುವದಿಲ್ಲ. ಮೇಲೆ ಹೇಳಿದ ಹಿರಿಯರು ಮುಲ್ಕಿ ಪರೀಕ್ಷೆ ಪಾಸಾದವರು; ಖರೇದಿಪತ್ರದ ಚತುಃಸೀಮೆಯನ್ನು ವಕೀಲರಿಗಿಂತ ಚೆನ್ನಾಗಿ ಓದಬಲ್ಲರು. ಕೊರತೆಯಿರುವದು ವಿದ್ಯೆಯದಲ್ಲ, ಹೆಚ್ಚಾಗಿರುವದು ದಾಕ್ಷಿಣ್ಯ. "ಇಷ್ಟು ಸಣ್ಣದಕ್ಕೆ ಹುಡುಗನನ್ನು ನಂಬಲಿಲ್ಲವೇ" ಎಂದಾರೆಂಬ ಅಂಜಿಕೆ. ಕೋರಾ ಕಾಗದದ ಮೇಲೆ ಸಹಿ ಮಾಡಿಕೊಡಿರೆಂದು ಯಾರಾದರೂ ಕೇಳಿದರೆ ಇದೇ ಗೌಡರು ಕೋಲು ತೆಗೆದುಕೊಳ್ಳುವರು. ಮೊಬೈಲಿಗೆ ಬರುವ ಆರು ಅಂಕಿಗಳ ಒ.ಟಿ.ಪಿ. ಎಂಬದು ಕೋರಾ ಕಾಗದದ ಮೇಲಿನ ಸಹಿಯೇ ಆಗಿದೆಯೆಂದು ಅವರಿಗೆ ಯಾರೂ ಹೇಳಿಲ್ಲ. ರಿಜರ್ವ್ ಬ್ಯಾಂಕು ೨೦೧೭ರ ಜುಲೈ ೬ರ ಸುತ್ತೋಲೆಯಲ್ಲಿ ಈ ಭೇದವನ್ನೇ ಮಾಡಿತು: ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಿದ್ದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಹೊಣೆಯಿಲ್ಲ, ತಾನೇ ಗುಪ್ತಸಂಖ್ಯೆಯನ್ನು ಕೊಟ್ಟವನಾದರೆ, ಬ್ಯಾಂಕಿಗೆ ತಿಳಿಸುವ ವರೆಗಿನ ನಷ್ಟವೆಲ್ಲ ಅವನದೇ.

ಪಾಸ್‌ವರ್ಡ್ ವಿಷಯವಾಗಿ ಬಹಳ ಹೇಳಬೇಕಾದದ್ದಿಲ್ಲ. ಜನ್ಮದ ವರ್ಷ, ಮೊಮ್ಮಗನ ಹೆಸರು, ಸರ್ವೆ ನಂಬರ ಇವು ಊರಿಗೆಲ್ಲ ಗೊತ್ತಿರುವ ಸಂಗತಿಗಳು, ಇವು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಬ್ದಗಳನ್ನು ಕೂಡಿಸಿದರೆ ಉದ್ದವೂ ಆಗುವದು, ನೆನಪಿನಲ್ಲಿಯೂ ಉಳಿಯುವದು. ಇ-ಮೇಲಿನ ಪಾಸ್‌ವರ್ಡ್ ಮಾತ್ರ ಉಳಿದವೆಲ್ಲವುಗಳಿಂದ ಬೇರೆಯಾಗಿರಲಿ. ಯಾಕಂದರೆ ಉಳಿದ ಬಾಗಿಲುಗಳ ಕೀಲಿಯನ್ನು ಮರೆತಾಗ ಹೊಸ ಕೀಲಿಯು ಬರುವದು ಆ ಹೆಬ್ಬಾಗಿಲಿನಿಂದಲೇ. ಪಾಸ್‌ವರ್ಡನ್ನು ಎಲ್ಲಿಯೂ ಬರೆದಿಡಬಾರದೆಂದು ಕೆಲವರು ಉಪದೇಶಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಒಂದು ಸಣ್ಣ ವಹಿಯಲ್ಲಿ ಬರೆದು ಖರೇದಿಪತ್ರ, ಬಂಗಾರಗಳಿರುವ ತಿಜೋರಿಯಲ್ಲಿ ಇಡಿರಿ. ದೂರದೇಶದ ಕಳ್ಳನು ನಿಮ್ಮ ತಿಜೋರಿಯ ವರೆಗೆ ಬರಲಾರನು. ಮರೆತು ಅಂಗಡಿಯ ಹುಡುಗನ ಪಾಸ್‌ವರ್ಡನ್ನೇ ನಿಮ್ಮದಾಗಿ ಇಟ್ಟುಕೊಳ್ಳುವದಕ್ಕಿಂತ ಇದು ಎಷ್ಟೋ ಲೇಸು.

ಕಿಸಾನ್ ಸಮ್ಮಾನದ ₹೨,೦೦೦ದ ಕಂತು ಬಂದಿದೆ, ಇದನ್ನು ಒತ್ತಿರಿ ಎಂದು ವಾಟ್ಸಾಪಿನಲ್ಲಿ ಬರುವ, ಹೆಸರಿನ ಕೊನೆಗೆ 'ಎ.ಪಿ.ಕೆ.' ಎಂದಿರುವ ಕಡತವನ್ನು ಮುಟ್ಟಕೂಡದು. ಅದನ್ನು ಕಳಿಸಿದವನು ನಿಮ್ಮ ಸ್ವಂತ ಅಳಿಯನೇ ಆಗಿದ್ದರೂ ಮುಟ್ಟಕೂಡದು. ಅಳಿಯನ ಮೊಬೈಲು ಮೊದಲೇ ಕಳ್ಳರ ವಶವಾಗಿ, ತಾನಾಗಿಯೇ ಎಲ್ಲರಿಗೂ ಕಳಿಸುತ್ತಿರಬಹುದು. ಇನ್ನೊಂದು ಸಂಗತಿಯು ಜಮೀನುದಾರರಿಗೇ ವಿಶೇಷವಾಗಿ ಸಂಬಂಧಿಸಿದ್ದು. ೨೦೨೩ರಲ್ಲಿ ಬೆಂಗಳೂರಿನಲ್ಲಿ ಆಸ್ತಿಯ ನೋಂದಣಿ ಮಾಡಿಸಿದ ಅನೇಕರ ಬ್ಯಾಂಕಿನ ಹಣವು ಯಾವ ಒ.ಟಿ.ಪಿ.ಯೂ ಬಾರದೆ ಮಾಯವಾಯಿತು. ನೋಂದಣಿ ಪತ್ರಗಳಲ್ಲಿಯ ಬೆರಳಚ್ಚಿನ ಗುರುತುಗಳಿಂದ ಕಳ್ಳಬೆರಳನ್ನು ತಯಾರಿಸಿ, ಆಧಾರ ಸಂಖ್ಯೆಯ ಬಲದಿಂದ ಹಣ ತೆಗೆದಿದ್ದರೆಂದು ತನಿಖೆಯಲ್ಲಿ ಹೊರಬಿತ್ತು. ಆಧಾರದ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವು ಎಂ-ಆಧಾರ್ ಆ್ಯಪಿನಲ್ಲಿದೆ. ಬೆರಳೊತ್ತಬೇಕಾದ ದಿನ ಅದನ್ನು ತೆರೆದು, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಬಹುದು. ಹಣ ಹೋದದ್ದು ಕಂಡ ಕ್ಷಣವೇ ೧೯೩೦ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು. ನಾಚಿಕೆಯಿಂದ ಎರಡು ದಿನ ಸುಮ್ಮನೆ ಕುಳಿತರೆ ಹಣವು ಹತ್ತು ಖಾತೆಗಳನ್ನು ದಾಟಿ ಹೋಗಿರುವದು.

ಇನ್ನು ಲೆಕ್ಕದ ಮಾತು. ಹೆದರಿಕೆಯನ್ನಷ್ಟೇ ಹೇಳಿ ಗಣಕಯಂತ್ರದ ಉಪಯೋಗವನ್ನು ಹೇಳದಿದ್ದರೆ ಅನ್ಯಾಯವಾದೀತು. ಎಕ್ಸೆಲ್, ಇಲ್ಲವೆ ಖರ್ಚಿಲ್ಲದೆ ದೊರೆಯುವ ಲಿಬ್ರೆ ಆಫೀಸಿನ ಕ್ಯಾಲ್ಕ್, ಇವುಗಳಲ್ಲಿ ಒಂದೇ ಹಾಳೆಯ ಮೇಲೆ ತಾರೀಖು, ಹಿಸ್ಸಾ, ಕೆಲಸ, ಯಾರಿಗೆ, ಎಷ್ಟು ರೂಪಾಯಿ ಎಂಬ ಐದು ಮನೆಗಳನ್ನು ಮಾಡಿಕೊಂಡು ದಿನಾಲು ಸಂಜೆ ಬರೆದರೆ ಸಾಕು. ದುಬಾರಿ ಬೆಲೆಯ ಒಕ್ಕಲುತನದ ಆ್ಯಪುಗಳನ್ನು ಮಾರುವವರು ಬಂದಾಗ ನಾನು ಈ ಐದು ಮನೆಗಳನ್ನೇ ತೋರಿಸುತ್ತೇನೆ. ಸುಗ್ಗಿ ಮುಗಿದ ಮೇಲೆ ಹಿಸ್ಸಾದ ಪ್ರಕಾರ ಮೊತ್ತವನ್ನು ತೆಗೆದರೆ, ಯಾವ ಹೊಲವು ಟ್ರ್ಯಾಕ್ಟರಿನ ಬಾಡಿಗೆಯನ್ನೇ ತಿಂದಿತು, ಯಾವದು ಮನೆಗೆ ಕೊಟ್ಟಿತು ಎಂಬದು ಕಣ್ಣಿಗೆ ಕಾಣುವದು. ಹಿರೇಕೆರೂರ ತಾಲೂಕಿನ ಒಬ್ಬ ಬೀಜೋತ್ಪಾದಕರು ಹೀಗೆ ಬರೆದಿಟ್ಟ ಮೇಲೆಯೇ, ತಮ್ಮ ಹತ್ತಿಯ ಹೂವಿನ ಕೂಲಿಯು ಗೊಬ್ಬರದ ವೆಚ್ಚಕ್ಕಿಂತ ಎಷ್ಟು ಹೆಚ್ಚೆಂಬದನ್ನು ಅರಿತು, ಮುಂದಿನ ವರ್ಷದ ಕರಾರಿನ ದರವನ್ನು ಗಟ್ಟಿಯಾಗಿ ಕೇಳಿದರು.

ಆದರೆ ಈ ಯಂತ್ರವು ತನಗೆ ತಿಳಿಯದ್ದನ್ನೂ ತಿಳಿದಂತೆ ನಟಿಸುತ್ತದೆ. ಇದನ್ನು ನಾನು ಪೆಟ್ಟು ತಿಂದು ಕಲಿತೆನು. ಬೀಜ ಹಂಚಿಕೆಯ ಪಟ್ಟಿಯೊಂದರಲ್ಲಿ ನಾನು ಹಿಸ್ಸಾ ೧೨/೧ ಎಂದು ಬರೆದರೆ ಎಕ್ಸೆಲ್ ಅದನ್ನು ತಾರೀಖೆಂದು ಬಗೆದು ಜನೆವರಿ ೧೨ ಎಂದು ಮಾಡಿತು. ಶೂನ್ಯದಿಂದ ಆರಂಭವಾಗುವ ಬ್ಯಾಂಕ್ ಖಾತೆಗಳ ಮೊದಲಿನ ಶೂನ್ಯವನ್ನು ನುಂಗಿತು. ಹದಿನೈದಕ್ಕಿಂತ ಹೆಚ್ಚಿನ ಅಂಕಿಗಳಿರುವ ಸಂಖ್ಯೆಯ ಕೊನೆಯ ಅಂಕಿಗಳನ್ನು ಶೂನ್ಯ ಮಾಡಿತು. ಇದಕ್ಕೂ ಮೇಲಾಗಿ ನಾನು ಹೆಸರಿನ ಕಾಲಮನ್ನಷ್ಟೇ ಹಿಡಿದು ಅಕಾರಾದಿಯಾಗಿ ಜೋಡಿಸಿದ್ದರಿಂದ, ಒಬ್ಬರ ಹೊಲವು ಇನ್ನೊಬ್ಬರ ಹೆಸರಿಗೆ ಹೋಯಿತು. ಸವಣೂರಿನ ಎಲೆಬಳ್ಳಿಯ ತೋಟದವರೊಬ್ಬರು ಪಟ್ಟಿಯನ್ನು ನೋಡಿ, "ಸಾಹೇಬ್ರ, ನನಗ ಭತ್ತದ ಗದ್ದಿ ಯಾವಾಗ ಬಂತ್ರೀ?" ಎಂದು ನಕ್ಕರು. ಅವರು ನಕ್ಕದ್ದು ನನ್ನ ಪುಣ್ಯ. ಆ ಪಟ್ಟಿಯು ಇನ್ನೂ ಮೇಲಿನ ಕಚೇರಿಗೆ ಹೋಗಿರಲಿಲ್ಲ. ಆದಕಾರಣ ಹಿಸ್ಸಾ, ಖಾತೆ, ಆಧಾರ, ಫೋನುಗಳ ಕಾಲಮುಗಳನ್ನು ಬರೆಯುವ ಮೊದಲೇ 'ಟೆಕ್ಸ್ಟ್' ಎಂದು ಗೊತ್ತುಪಡಿಸಬೇಕು. ಜೋಡಿಸುವಾಗ ಇಡೀ ಪಟ್ಟಿಯನ್ನು ಹಿಡಿದೇ ಜೋಡಿಸಬೇಕು. ಅರ್ಜಿಗಳನ್ನು ಬರೆಯುವವರಿಗೂ ಒಂದು ಸೂಚನೆ: ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುವದುಂಟು. ಯೂನಿಕೋಡಿನಲ್ಲಿ ಬರೆದು ಪಿ.ಡಿ.ಎಫ್. ಮಾಡಿ ಕಳಿಸಿದರೆ ಆ ತೊಂದರೆಯಿಲ್ಲ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮವಿರಲಿ. 'ಹೊಸದು', 'ಕೊನೆಯದು', 'ಖರೇ ಕೊನೆಯದು' ಎಂಬ ಮೂರು ಕಡತಗಳಲ್ಲಿ ಯಾವದು ಕೊನೆಯದೆಂದು ಬ್ರಹ್ಮನೂ ಹೇಳಲಾರನು.

ನಮ್ಮ ಹಿರಿಯರು ಬಿತ್ತನೆಯ ಜೋಳವನ್ನೆಲ್ಲ ಒಂದೇ ಹಗೇವಿನಲ್ಲಿ ಸುರಿದು ಕೂಡ್ರುತ್ತಿರಲಿಲ್ಲ. ಲೆಕ್ಕದ ಕಡತಕ್ಕೂ ಅದೇ ನ್ಯಾಯ: ಒಂದು ಪ್ರತಿ ಯಂತ್ರದಲ್ಲಿ, ಒಂದು ತಿಜೋರಿಯೊಳಗಿನ ಪೆನ್‌ಡ್ರೈವಿನಲ್ಲಿ, ಒಂದು ನಿಮ್ಮದೇ ಇ-ಮೇಲಿನಲ್ಲಿ. ಝೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವ್ ಬೇರೆಯೇ ಇರಲಿ. ಆ ಯಂತ್ರಕ್ಕೆ ದಿನಕ್ಕೆ ಎಷ್ಟು ಊರಿನ ರೋಗ ತಗಲುವದೆಂದು ಹೇಳುವದು ಕಠಿಣ.

ನಮ್ಮ ಓದುಗರಲ್ಲಿ ಸಹಕಾರಿ ಸಂಘಗಳ ಸಂಚಾಲಕರು ಬಹಳ ಜನರಿದ್ದಾರೆ. ಅವರಿಗೆ ಒಂದು ಮಾತು. ೧೯೦೫ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲಿಯೇ ಮೊದಲನೆಯ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಅವರೂ ನಿಮ್ಮಂತೆ ಹಳ್ಳಿಯ ಗೌಡರೇ. ೨೦೨೨ರ ಜೂನದಲ್ಲಿ ಕೇಂದ್ರ ಸರಕಾರವು ೬೩,೦೦೦ ಪ್ರಾಥಮಿಕ ಸಂಘಗಳಿಗೆ ಗಣಕಯಂತ್ರ ಒದಗಿಸುವ ಯೋಜನೆಯನ್ನು ಮಂಜೂರು ಮಾಡಿತು. ಯಂತ್ರವು ಬಂದ ಸಂಘದಲ್ಲಿ ಕಾರ್ಯದರ್ಶಿಯ ಒಂದೇ ಪಾಸ್‌ವರ್ಡನ್ನು ಕಾರಕೂನ, ಗೊಬ್ಬರದ ಗೋದಾಮಿನವ, ಒಮ್ಮೊಮ್ಮೆ ಸಂಚಾಲಕರ ಮಗನೂ ಬಳಸುತ್ತಿದ್ದರೆ, ನಾಳೆ ಒಂದು ಸಾಲದ ಬಾಕಿಯಲ್ಲಿ ವ್ಯತ್ಯಾಸ ಕಂಡಾಗ ತಪ್ಪು ಯಾರದೆಂದು ಗೊತ್ತಾಗುವದಿಲ್ಲ. ನಿರಪರಾಧಿಯಾದ ಕಾರ್ಯದರ್ಶಿಯೇ ಸಿಕ್ಕಿಬೀಳಬಹುದು. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್ ಇದೆಯೋ ಎಂದು ಮುಂದಿನ ಸಭೆಯಲ್ಲಿ ಕೇಳಿರಿ. ವಿಂಡೋಸ್ ೧೦ಕ್ಕೆ ಅದರ ಕಂಪನಿಯ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ ೧೪ಕ್ಕೆ ನಿಂತಿದೆ. ಸಂಘದ ಯಂತ್ರವು ಅದರ ಮೇಲೆಯೇ ನಡೆಯುತ್ತಿದೆಯೋ ಎಂಬದನ್ನೂ ಅದೇ ಸಭೆಯಲ್ಲಿ ವಿಚಾರಿಸಿರಿ.

ಹಾನಗಲ್ಲ ತಾಲೂಕಿನ ಆ ಹಿರಿಯರ ನಂಬರವನ್ನು ಈಗ ಬದಲಾಯಿಸಿದ್ದಾಗಿದೆ. ಆಧಾರ ಚೀಟಿ, ಉತಾರ, ಬ್ಯಾಂಕಿನ ಪುಸ್ತಕ, ತಮ್ಮ ಕಿಸೆಯ ಮೊಬೈಲು ಇಷ್ಟನ್ನು ತೆಗೆದುಕೊಂಡು ಅವರು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬಂದರು. ಬಂದ ಆರು ಅಂಕಿಗಳನ್ನು ಯಾರಿಗೂ ಕೊಡದೆ ತಾವೇ ಕನ್ನಡಕ ಏರಿಸಿ ಓದಿ, ತಾವೇ ಒತ್ತಿದರು. ಉಳಿದವರೂ ತಮ್ಮ ಎಫ್.ಐ.ಡಿ.ಗೆ ಯಾರ ನಂಬರವು ಜೋಡಿಸಿದೆಯೆಂಬದನ್ನು ಮುಂಗಾರಿನ ವಿಮೆಯ ನೋಂದಣಿ ಆರಂಭವಾಗುವದರೊಳಗೆ ನೋಡಿಕೊಳ್ಳಬೇಕು. ಸಮೀಕ್ಷೆ ಶುರುವಾದ ಮೇಲೆ ಕೇಂದ್ರದಲ್ಲಿ ಬಹಳ ಗದ್ದಲವಿರುವದರಿಂದ ಅದಕ್ಕೆ ಮೊದಲೇ ಬಂದರೆ ಒಳ್ಳೆಯದು.