'ಬಟನ್' ಎಂದರೆ ಯಾವ ಬಟನ್?



ನಾನು ಹುಟ್ಟಿನಿಂದ ಅಂಧ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರ್ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ; ಅದನ್ನು ಕೇಳಿಕೊಂಡೇ ದಿನಸಿ, ಬಟ್ಟೆ ತರಿಸಿಕೊಳ್ಳುತ್ತೇನೆ. ಸಾಮಾನು ಆರಿಸುವವರೆಗೆ ತೊಂದರೆಯಿಲ್ಲ. ಹಣ ಕಟ್ಟುವ ಪುಟಕ್ಕೆ ಬಂದರೆ ಎಷ್ಟೋ ತಾಣಗಳಲ್ಲಿ 'ಬಟನ್, ಬಟನ್' ಎಂದಷ್ಟೇ ಕೇಳಿಸುತ್ತದೆ. ಯಾವುದು ಪಾವತಿ, ಯಾವುದು ರದ್ದು ಎಂದು ತಿಳಿಯುವುದು ಹೇಗೆ? ಚಿತ್ರದಲ್ಲಿನ ಅಕ್ಷರ ಗುರುತಿಸುವ ಕ್ಯಾಪ್ಚಾಕ್ಕೆ ಕೆಲವೆಡೆ ಧ್ವನಿಯ ಆಯ್ಕೆಯೇ ಇಲ್ಲ. ಕಳೆದ ತಿಂಗಳು ಬೇರೆ ದಾರಿಯಿಲ್ಲದೆ, ಅಷ್ಟೇನೂ ಪರಿಚಯವಿಲ್ಲದವರ ಕೈಗೆ ಕಾರ್ಡ್ ಕೊಟ್ಟು ಒಟಿಪಿಯನ್ನೂ ಹೇಳಬೇಕಾಯಿತು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ಎಚ್ಚರಿಸುತ್ತಲೇ ಇರುತ್ತವೆ. ಅದನ್ನು ಪಾಲಿಸುವ ಅವಕಾಶ ನಮಗೂ ಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸೇವೆಗಳನ್ನೂ ಒಳಗೊಂಡಿದೆ. ಡಿಜಿಟಲ್ ಸೇವೆ ಪಡೆಯುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ. ಬಟನ್‌ಗೆ ಓದಬಲ್ಲ ಹೆಸರು ಕೊಡುವುದು ತಂತ್ರಜ್ಞರಿಗೆ ದೊಡ್ಡ ಕೆಲಸವಲ್ಲ. ಅಂಗವಿಕಲರ ಹಕ್ಕುಗಳ ಆಯುಕ್ತರು ಅಂಧ ಬಳಕೆದಾರರಿಂದಲೇ ಪಾವತಿ ಪುಟಗಳನ್ನು ಪರೀಕ್ಷೆ ಮಾಡಿಸಿ, ಲೋಪ ಕಂಡ ಕಂಪನಿಗಳಿಗೆ ನೋಟಿಸ್ ನೀಡಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ