ಕೊನೆಯ ಸಲ ಮುಟ್ಟಿದ್ದು ಯಾವಾಗ?

ದಿನವೂ ಬೇಕಾಗುವ ಡಬ್ಬಿ ಒಲೆಯ ಪಕ್ಕದಲ್ಲಿಯೂ ವರ್ಷಕ್ಕೊಮ್ಮೆ ಬೇಕಾಗುವ ಪಾತ್ರೆ ಅಟ್ಟದ ಮೇಲೆಯೂ ಇರುವುದಷ್ಟೆ. ಗಣಕಯಂತ್ರವೂ ಈ ಜಾಣತನವನ್ನು ಬಲ್ಲದು. ದೂರದ ಉಗ್ರಾಣದಿಂದ ಒಮ್ಮೆ ತಂದ ಮಾಹಿತಿಯ ಪ್ರತಿಯೊಂದನ್ನು ಅದು ಕೈಗೆಟುಕುವಲ್ಲಿ ಇರಿಸಿಕೊಳ್ಳುತ್ತದೆ. ಈ ತಾಣದ ಹೆಸರು ‘ಕ್ಯಾಶ್’. ರೊಕ್ಕದ ಕ್ಯಾಶಿಗೂ ಇದಕ್ಕೂ ನಂಟಿಲ್ಲ. ಬಚ್ಚಿಡುವುದೆಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದುದು. 1965ರಲ್ಲಿ ಕೇಂಬ್ರಿಡ್ಜಿನ ಮಾರಿಸ್ ವಿಲ್ಕ್ಸ್ ಇಂಥ ಸ್ಮೃತಿಯ ವಿಚಾರವಾಗಿ ಲೇಖನ ಪ್ರಕಟಿಸಿದಾಗ ಅದನ್ನು ‘ದಾಸ ಸ್ಮೃತಿ’ ಎಂದೇ ಕರೆದಿದ್ದರು.

ಸ್ಥಳ ಅಲ್ಪವಾದುದರಿಂದ ಪ್ರತಿಯೊಂದಕ್ಕೂ ಅವಧಿಯನ್ನು ಗೊತ್ತುಮಾಡಬೇಕಾಗುತ್ತದೆ. ತಂದ ಗಳಿಗೆಯಿಂದ ಎಣಿಸುವುದು ಒಂದು ಬಗೆ. ಕೊನೆಯ ಸಲ ಕೇಳಿದ ಗಳಿಗೆಯಿಂದ ಎಣಿಸುವುದು ಇನ್ನೊಂದು. ಅವಧಿ 10 ನಿಮಿಷವೆನ್ನೋಣ. ಹತ್ತು ಗಂಟೆಗೆ ತಂದುದನ್ನು 10-08ಕ್ಕೆ ಯಾರಾದರೂ ಕೇಳಿದರೆ ಅದರ ಆಯುಷ್ಯ 10-18ರವರೆಗೆ ಬೆಳೆಯುತ್ತದೆ. ಯಾರೂ ಕೇಳದಿದ್ದರೆ 10-10ಕ್ಕೇ ತೀರಿತು. ಬ್ಯಾಂಕಿನ ಜಾಲತಾಣವನ್ನು ತೆರೆದಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ‘ಅವಧಿ ಮುಗಿಯಿತು’ ಎಂಬ ಒಕ್ಕಣೆ ಕಾಣಿಸುವುದೂ ಇದೇ ಲೆಕ್ಕದಿಂದ.

ಸೊಗಸಾದ ಏರ್ಪಾಡು, ನಿಜ. ಆದರೆ ದಿನವೂ ಕೈಯಾಡುವ ಡಬ್ಬಿಯ ತಳದಲ್ಲಿ ಹುಳು ಹಿಡಿದಿದ್ದರೆ? ಐದೈದು ನಿಮಿಷಕ್ಕೆ ಕೇಳಲ್ಪಡುವ ಪ್ರತಿಗೆ ಮರಣವೆಂಬುದೇ ಇಲ್ಲ. ಮೂಲದಲ್ಲಿ ಏನೇ ಬದಲಾದರೂ ಅದು ಹಳೆಯ ಮಾತನ್ನೇ ಆಡುತ್ತಿರುತ್ತದೆ. ಕಚೇರಿಯೊಂದರಲ್ಲಿ ಗುಮಾಸ್ತನಿಗಿದ್ದ ಅಧಿಕಾರವನ್ನು ಬೆಳಿಗ್ಗೆ ಕಿತ್ತುಕೊಂಡರೆನ್ನಿ. ‘ಇವನಿಗೆ ಅಧಿಕಾರವಿದೆ’ ಎಂಬ ಹಳೆಯ ಪ್ರತಿ ಕ್ಯಾಶಿನಲ್ಲಿ ಉಳಿದಿದ್ದರೆ, ಆತ ಬಿಡುವಿಲ್ಲದೆ ಕೆಲಸ ಮಾಡುತ್ತಿದ್ದಷ್ಟು ಕಾಲವೂ ಬಾಗಿಲು ತೆರೆದೇ ಇರುತ್ತದೆ. ಕಳ್ಳನ ಉತ್ಸಾಹವೇ ಕಳ್ಳನಿಗೆ ರಕ್ಷೆ!

ಆದಕಾರಣ ಬಲ್ಲವರು ಎರಡು ಗಡುವುಗಳನ್ನೂ ಜೊತೆಗೂಡಿಸುತ್ತಾರೆ: 10 ನಿಮಿಷ ಯಾರೂ ಕೇಳದಿದ್ದರೆ ಹೊರಗೆ, ಎಷ್ಟೇ ಕೇಳಿದರೂ ಗಂಟೆ ಕಳೆದೊಡನೆ ಹೊರಗೆ. ಮೈಕ್ರೋಸಾಫ್ಟಿನವರು 2002ರಲ್ಲಿ ಹೊರತಂದ ಡಾಟ್‌ನೆಟ್ ಸಲಕರಣೆಯ ಜಾಲತಾಣ ಕ್ಯಾಶಿನಲ್ಲಿ ಒಂದೇ ಪ್ರತಿಗೆ ಎರಡನ್ನೂ ವಿಧಿಸಲು ಅವಕಾಶವಿರಲಿಲ್ಲ. ಅವರ ಈಚಿನ ಸಲಕರಣೆಯಲ್ಲಿ ಇದೆ. ಜಾವಾ ಭಾಷೆಯವರು ಬಳಸುವ ‘ಕೆಫೀನ್’ನಲ್ಲಿಯೂ ಉಂಟು. ಜಿಲ್ಲೆಗಳ ಹೆಸರಿನ ಪಟ್ಟಿಗೆ ಮೊದಲ ಗಡುವೊಂದೇ ಧಾರಾಳವಾಗಿ ಸಾಕು. ಬೆಲೆಗೂ ಖಾತೆಯ ಬಾಕಿಗೂ ಸಾಲದು. ಅಧಿಕಾರದ ವಿಷಯದಲ್ಲಂತೂ ಎರಡು ಗಡುವುಗಳನ್ನೂ ನಂಬದೆ, ಮೂಲ ಬದಲಾದ ಕ್ಷಣವೇ ಪ್ರತಿಯನ್ನು ಕಿತ್ತೆಸೆಯುವಂತೆ ಆಜ್ಞೆ ಬರೆದಿಡುವುದು ರೂಢಿ.